ಕೂದಲೆಳೆಯಷ್ಟು ನಡು ತಪ್ಪಿದರೆ

ಒಂದೇ ಎತ್ತರದಿಂದ ಕೈಬಿಟ್ಟರೆ ದೊಡ್ಡ ಗುಂಡೂ ಸಣ್ಣ ಗುಂಡೂ ಒಟ್ಟಿಗೇ ನೆಲ ಮುಟ್ಟುತ್ತವೆ ಎನ್ನುವುದು ಹೈಸ್ಕೂಲು ದಾಟಿದವರಿಗೆ ಹೊಸ ಮಾತಲ್ಲ. ಬೀಳುವ ವಸ್ತುಗಳ ಓಟದ ನಿಯಮವನ್ನು ಗೆಲಿಲಿಯೊ ತಾಳೆನೋಡಿದ್ದು ಇಳಿಜಾರಿನ ಹಲಗೆಯ ಮೇಲೆ ಗುಂಡು ಉರುಳಿಸಿ. ಭೂಮಿ ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಎಳೆಯುತ್ತದೆ, ಅದಕ್ಕೆ ಪಕ್ಷಪಾತವಿಲ್ಲ.

ಹಾಗಿದ್ದರೆ ಒಂದು ಪಂದ್ಯವನ್ನು ಊಹಿಸಿಕೊಳ್ಳಿ. ನಾಲ್ಕು ಪುಟ್ಟ ಮರದ ಕಾರುಗಳು ಒಂದೇ ಇಳಿಜಾರಿನ ನೆತ್ತಿಯಲ್ಲಿ ಸಾಲಾಗಿ ನಿಂತಿವೆ. ನಾಲ್ಕರ ತೂಕವೂ ಒಂದೇ. ಯಾವುದಕ್ಕೂ ಎಂಜಿನ್ ಇಲ್ಲ, ಸ್ಪ್ರಿಂಗ್ ಇಲ್ಲ, ಯಾರೂ ನೂಕುವಂತಿಲ್ಲ. ಮುಂದೆ ತಡೆದು ನಿಂತ ಕಡ್ಡಿಗಳು ಒಟ್ಟಿಗೇ ಕೆಳಗೆ ಬೀಳುತ್ತವೆ, ಕಾರುಗಳು ಹೊರಡುತ್ತವೆ. ಸುಮಾರು ಮೂರು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ನ್ಯಾಯವಾಗಿ ನಾಲ್ಕೂ ಒಟ್ಟಿಗೇ ಗೆರೆ ದಾಟಬೇಕು. ದಾಟುವುದಿಲ್ಲ. ಒಂದು ಕಾರು ಉಳಿದವುಗಳಿಗಿಂತ ತನ್ನ ಮೈಯುದ್ದದಷ್ಟು ಮುಂದಿರುತ್ತದೆ. ಹಣೆಬರಹ ಅನ್ನೋಣವೆಂದರೆ, ಓಣಿ ಬದಲಿಸಿ ಮತ್ತೆ ಓಡಿಸಿದರೂ ಗೆಲ್ಲುವುದು ಸಾಮಾನ್ಯವಾಗಿ ಅದೇ ಕಾರು.

ಭೂಮಿ ಪಕ್ಷಪಾತ ಮಾಡದಿದ್ದರೆ ಮಾಡಿದವರು ಯಾರು?

ಮರದ ತುಂಡು ಒಂದು, ಮೊಳೆ ನಾಲ್ಕು

ಈ ಪಂದ್ಯದ ಹೆಸರು ಪೈನ್‌ವುಡ್ ಡರ್ಬಿ. ಅಮೆರಿಕದ ಕಬ್ ಸ್ಕೌಟ್ ಮಕ್ಕಳ ಆಟ. ಮೊದಲ ಪಂದ್ಯ ನಡೆದದ್ದು 1953ರ ಮೇ 15ರಂದು, ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್ ಎಂಬ ಊರಿನಲ್ಲಿ. ಅಲ್ಲಿನ ಸ್ಕೌಟ್ ಗುಂಪಿನ ಮುಖ್ಯಸ್ಥರಾಗಿದ್ದ ಡಾನ್ ಮರ್ಫಿ ವಿಮಾನ ತಯಾರಿಸುವ ನಾರ್ತ್ ಅಮೆರಿಕನ್ ಏವಿಯೇಷನ್ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಮಕ್ಕಳೇ ಕೂತು ಓಡಿಸುವ ‘ಸೋಪ್ ಬಾಕ್ಸ್ ಡರ್ಬಿ’ ಆಗ ಬಲು ಜನಪ್ರಿಯ. ಅದಕ್ಕೆ ಸೇರಲು ಹನ್ನೆರಡು ತುಂಬಬೇಕಿತ್ತು, ಮರ್ಫಿಯವರ ಮಗನಿಗೆ ಇನ್ನೂ ಹತ್ತು. ಮಗನನ್ನು ಎರಡು ವರ್ಷ ಕಾಯಿಸುವ ಬದಲು ಅಪ್ಪ ಕಾರನ್ನೇ ಅಂಗೈಯಗಲಕ್ಕೆ ಇಳಿಸಿದರು. ಕೆಲವೇ ವರ್ಷಗಳಲ್ಲಿ ಸ್ಕೌಟ್ ಸಂಸ್ಥೆ ಇದನ್ನು ದೇಶಕ್ಕೆಲ್ಲ ಹರಡಿತು. ಈಗ ಅಲ್ಲಿ ನೆಲೆಸಿರುವ ನಮ್ಮವರ ಗ್ಯಾರೇಜುಗಳಲ್ಲೂ ಚಳಿಗಾಲದಲ್ಲಿ ಪೈನ್ ಮರದ ಪುಡಿ ಹಾರುತ್ತದೆ. ಮರ ಕೊರೆಯುತ್ತಿರುವುದು ಮಗುವೋ ಅಪ್ಪನೋ ಎಂದು ಒಳಗೆ ಇಣುಕಿ ನೋಡದಿರುವುದು ಒಳ್ಳೆಯದು.

ಮಕ್ಕಳ ಕೈಗೆ ಸಿಗುವ ಡಬ್ಬಿಯಲ್ಲಿ ಇರುವುದು ಇಷ್ಟೇ: ಏಳು ಇಂಚು ಉದ್ದದ ಪೈನ್ ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಚಕ್ರ, ಅವನ್ನು ಮರಕ್ಕೆ ಸಿಕ್ಕಿಸಲು ನಾಲ್ಕು ಮೊಳೆ. ಮೊಳೆಯೇ ಇರಚಿ. ಕಾರಿನ ತೂಕ 5 ಔನ್ಸ್ ಮೀರಬಾರದು, ಅಂದರೆ ಸುಮಾರು 142 ಗ್ರಾಂ. ಪ್ರತಿ ಓಣಿಯ ನಡುವೆ ಒಂದು ಉಬ್ಬುಪಟ್ಟಿ ಉದ್ದಕ್ಕೂ ಸಾಗುತ್ತದೆ. ಕಾರು ಅದನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಓಡುತ್ತದೆ, ಆದ್ದರಿಂದ ಹಳಿ ತಪ್ಪುವುದು ಕಡಿಮೆ. ಓಟದ ಉದ್ದ ಹತ್ತು ಮೀಟರಿನಿಂದ ಹದಿಮೂರು ಮೀಟರಿನ ಆಸುಪಾಸು. ಮೊದಲ ಭಾಗ ಇಳಿಜಾರು, ಆಮೇಲೆ ಸಪಾಟು.

ಎಲ್ಲರ ಜೇಬಿನಲ್ಲೂ ಅಷ್ಟೇ ಹಣ

ನೆತ್ತಿಯಲ್ಲಿ ನಿಂತ ಕಾರಿನ ಬಳಿ ಇರುವ ಬಂಡವಾಳವೆಂದರೆ ಅದರ ಎತ್ತರ ಒಂದೇ. ಸುಮಾರು 1.2 ಮೀಟರ್ ಎತ್ತರದಲ್ಲಿ 142 ಗ್ರಾಂ ತೂಕ ಕೂಡಿಟ್ಟುಕೊಂಡಿರುವ ಶಕ್ತಿ ಎರಡು ಜೂಲ್ ಕೂಡ ಇಲ್ಲ. ಅದಿಷ್ಟೂ ವೇಗವಾಗಿ ಬದಲಾದರೆ ಇಳಿಜಾರಿನ ಬುಡದಲ್ಲಿ ಕಾರು ಸೆಕೆಂಡಿಗೆ 4.8 ಮೀಟರಿನಷ್ಟು ಓಡುತ್ತಿರಬೇಕು. ಯಾವ ಕಾರೂ ಅಷ್ಟು ಮುಟ್ಟುವುದಿಲ್ಲ, ದಾರಿಯಲ್ಲಿ ಖರ್ಚಿದೆ. ಗೆಲ್ಲುವವನು ಹೆಚ್ಚು ಗಳಿಸಿದವನಲ್ಲ, ಕಡಿಮೆ ಕಳೆದುಕೊಂಡವನು. ಪೈನ್‌ವುಡ್ ಡರ್ಬಿಯ ವಿಜ್ಞಾನವೆಲ್ಲ ಸೋರಿಕೆಯ ವಿಜ್ಞಾನ.

ಗಾಳಿ ಒಂದಿಷ್ಟು ಕೀಳುತ್ತದೆ. ಚಕ್ರಗಳನ್ನು ತಿರುಗಿಸಲೆಂದೇ ಶೇಕಡ ನಾಲ್ಕೈದರಷ್ಟು ಹೋಗುತ್ತದೆ, ಆ ಶಕ್ತಿ ಮುಂದೆ ಓಡುವುದಕ್ಕೆ ಒದಗುವುದಿಲ್ಲ. ಮೊಳೆಗೂ ಚಕ್ರದ ತೂತಿಗೂ ನಡುವಿನ ತಿಕ್ಕಾಟದ್ದು ಇನ್ನೊಂದು ಪಾಲು. ಈ ಕೊನೆಯದು ನಾವು ಹೆದರುವಷ್ಟು ದೊಡ್ಡದಲ್ಲ. ಚಕ್ರದ ಅಡ್ಡಳತೆ ಸುಮಾರು 30 ಮಿಲಿಮೀಟರ್, ಮೊಳೆಯದು ಸುಮಾರು 2.2. ಕಾರು ಹತ್ತು ಮೀಟರ್ ಓಡುವಷ್ಟರಲ್ಲಿ ತೂತಿನ ಗೋಡೆ ಮೊಳೆಯ ಮೇಲೆ ಜಾರುವ ದೂರ ಮುಕ್ಕಾಲು ಮೀಟರ್ ಮಾತ್ರ. ಚಕ್ರ ಎಂಬ ಉಪಾಯದ ಗುಟ್ಟೇ ಇದು: ತಿಕ್ಕಾಟವನ್ನು ಅದು ಇಲ್ಲವಾಗಿಸುವುದಿಲ್ಲ, ಹೊರಗಿನ ದೊಡ್ಡ ಸುತ್ತಿನಿಂದ ಒಳಗಿನ ಪುಟ್ಟ ಸುತ್ತಿಗೆ ಸಾಗಹಾಕುತ್ತದೆ.

ಇಲ್ಲಿ ಇನ್ನೊಂದು ಲೆಕ್ಕವನ್ನೂ ಹಾಕಿಬಿಡೋಣ. ಕಾರು ತನ್ನ ಮೈಯುದ್ದದಷ್ಟು, ಅಂದರೆ ಸುಮಾರು 18 ಸೆಂಟಿಮೀಟರ್, ಮುಂದಿದ್ದು ಗೆದ್ದರೆ ಕಾಲದಲ್ಲಿ ಅದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ಮೂರು ಸೆಕೆಂಡಿನ ಓಟದಲ್ಲಿ ಇದು ಶೇಕಡ ಒಂದಕ್ಕಿಂತ ಸ್ವಲ್ಪ ಹೆಚ್ಚು. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಚಿಲ್ಲರೆಯೂ ದೊಡ್ಡ ನೋಟೇ. ಇಂದಿನ ಪಂದ್ಯಗಳಲ್ಲಿ ಎಲೆಕ್ಟ್ರಾನಿಕ್ ಗಡಿಯಾರಗಳು ಸೆಕೆಂಡಿನ ಸಾವಿರದ ಒಂದು ಭಾಗವನ್ನೂ ಅಳೆಯುತ್ತವೆ.

ಮೇಲಿನ ಪಟ್ಟಿಯಲ್ಲಿ ಒಂದು ಸೋರಿಕೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ಚಕ್ರದ ದುಂಡಿನದು.

ದುಂಡಗಿಲ್ಲದ ದುಂಡು

ಅಂಗಡಿಯಿಂದ ತಂದ ಪ್ಲಾಸ್ಟಿಕ್ ಚಕ್ರ ಕಣ್ಣಿಗೆ ಚೆನ್ನಾಗೇ ದುಂಡಗಿದೆ. ಆದರೆ ಅದು ಹುಟ್ಟಿದ ಬಗೆ ನೋಡಿ. ಬಿಸಿಯಾಗಿ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಲೋಹದ ಅಚ್ಚಿಗೆ ನುಗ್ಗಿಸುತ್ತಾರೆ. ಅದು ಆರುತ್ತ ಕುಗ್ಗುತ್ತದೆ. ದಪ್ಪ ಇರುವಲ್ಲಿ ನಿಧಾನ, ತೆಳು ಇರುವಲ್ಲಿ ಬೇಗ. ಕುಗ್ಗುವಿಕೆ ಎಲ್ಲ ಕಡೆ ಸಮನಾಗದಿದ್ದರೆ ಹೊರಬರುವ ವೃತ್ತ ಕೊಂಚ ಸೊಟ್ಟ. ಪ್ಲಾಸ್ಟಿಕ್ ನುಗ್ಗಿದ ಬಾಯಿ ಇದ್ದಲ್ಲಿ ಸಣ್ಣ ಮೊಟಕು ಉಳಿಯಬಹುದು, ಅಚ್ಚಿನ ಹೋಳುಗಳು ಕೂಡುವಲ್ಲಿ ಎಳೆಯಷ್ಟು ಅಂಚು ಎದ್ದಿರಬಹುದು. ಚಕ್ರದ ಒಳಮೈಯಲ್ಲಿ ಅಚ್ಚಿನ ಸಂಖ್ಯೆ ಮೂಡಿರುತ್ತದೆ. ಪಳಗಿದವರು ಒಂದೇ ಸಂಖ್ಯೆಯ ಚಕ್ರಗಳನ್ನು ಹುಡುಕಿ ಜೋಡಿಸುವುದೂ ಇದಕ್ಕೇ: ತಪ್ಪಿದ್ದರೂ ನಾಲ್ಕರದೂ ಒಂದೇ ಬಗೆಯ ತಪ್ಪಾಗಿರಲಿ ಎಂದು.

ಇವೆಲ್ಲಕ್ಕಿಂತ ಕಾಣದ ಕೇಡು ಇನ್ನೊಂದು. ಹೊರಸುತ್ತು ಚೊಕ್ಕ ದುಂಡಗಿದ್ದು, ಮೊಳೆ ತೂರುವ ತೂತು ಮಾತ್ರ ಸರಿಯಾದ ನಡುವಿನಲ್ಲಿ ಇಲ್ಲದಿರಬಹುದು. ಈ ದೋಷವನ್ನು ನಾವು ‘ನಡುತಪ್ಪು’ ಎನ್ನೋಣ. ಹತ್ತನೇ ಒಂದು ಮಿಲಿಮೀಟರ್ ನಡುತಪ್ಪು ಎಂದರೆ ಒಂದು ದಪ್ಪ ತಲೆಗೂದಲಿನಷ್ಟು. ಇಷ್ಟರಿಂದ ಏನಾದೀತು?

ಏರಿದ್ದು ಇಳಿಯದಿದ್ದಾಗ

ನಡುತಪ್ಪಿದ ಚಕ್ರ ಉರುಳುವಾಗ ಒಂದು ಸುತ್ತಿಗೆ ಒಮ್ಮೆ ಕಾರಿನ ಆ ಮೂಲೆಯನ್ನು ಮೇಲೆತ್ತಿ ಇಳಿಸುತ್ತದೆ. ಎತ್ತಲು ಶಕ್ತಿ ಬೇಕು, ಅದು ಓಟದಿಂದಲೇ ಹೋಗಬೇಕು. ಆದರೆ ಇಳಿಯುವಾಗ ಚಕ್ರ ಅದನ್ನು ಮರಳಿ ಕೊಡುತ್ತದೆ: ಕೆಳಗೆ ಬರುವ ಭಾರ ಚಕ್ರವನ್ನು ಮುಂದಕ್ಕೆ ಒತ್ತುತ್ತದೆ. ಏರುವಾಗ ಕೊಟ್ಟದ್ದು ಇಳಿಯುವಾಗ ಕೈಸೇರಿತು, ಲೆಕ್ಕ ಚುಕ್ತಾ. ಮೆಲ್ಲಗೆ ಉರುಳುವ ಚಕ್ರದಲ್ಲಿ ನಡುತಪ್ಪು ಹೆಚ್ಚೇನೂ ಕೆಡಿಸುವುದಿಲ್ಲ. ಮೇಜಿನ ಮೇಲೆ ಬೆರಳಿನಿಂದ ತಳ್ಳಿ ನೋಡಿ ‘ಚಕ್ರ ಚೆನ್ನಾಗಿದೆ’ ಎಂದುಕೊಳ್ಳುವವರು ಮೋಸಹೋಗುವುದು ಇಲ್ಲೇ.

ಈಗ ವೇಗ ಏರಲಿ. ಚಕ್ರದ ಒಂದು ಸುತ್ತಿಗೆ ಕಾರು ಸಾಗುವುದು ಸುಮಾರು 94 ಮಿಲಿಮೀಟರ್. ಇಳಿಜಾರಿನ ಬುಡ ತಲುಪಿದ ಕಾರಿನ ಚಕ್ರ ಒಂದು ಸೆಕೆಂಡಿಗೆ ಐವತ್ತರ ಆಸುಪಾಸು ಸುತ್ತು ಹಾಕುತ್ತಿರುತ್ತದೆ, ನಿಮಿಷಕ್ಕೆ ಮೂರು ಸಾವಿರದ ಹತ್ತಿರ. ಅಂದರೆ ಕಾರಿನ ಆ ಮೂಲೆ ಸೆಕೆಂಡಿಗೆ ಐವತ್ತು ಸಲ ಏರಬೇಕು, ಐವತ್ತು ಸಲ ಇಳಿಯಬೇಕು. ಏರಿಸುವುದು ಚಕ್ರದ ಕೆಲಸ, ಅದು ಬಲವಂತವಾಗಿಯಾದರೂ ಏರಿಸಿಬಿಡುತ್ತದೆ. ಇಳಿಸುವವರು ಯಾರು? ಕೆಳಗೆ ಎಳೆಯಲು ಹಗ್ಗವಿಲ್ಲ, ಸ್ಪ್ರಿಂಗ್ ಇಲ್ಲ. ಇರುವುದು ಭೂಮಿಯ ಸೆಳೆತ ಒಂದೇ. ಮತ್ತು ಭೂಮಿ ತನ್ನದೇ ಹದದಲ್ಲಿ ಎಳೆಯುತ್ತದೆ, ಅವಸರವಿದೆ ಎಂದು ಹೇಳಿದರೆ ಕೇಳುವುದಿಲ್ಲ.

ಕೂದಲೆಳೆಯಷ್ಟು ನಡುತಪ್ಪಿನ ಚಕ್ರ ಸೆಕೆಂಡಿಗೆ ಐವತ್ತು ಸುತ್ತು ಹಾಕುವಾಗ, ಅದರ ತಗ್ಗನ್ನು ಹಿಂಬಾಲಿಸಿ ಇಳಿಯಲು ಬೇಕಾದ ರಭಸ, ಅಂದರೆ ವೇಗ ಏರುವ ದರ, ಎಷ್ಟೆಂದು ಲೆಕ್ಕ ಹಾಕಿದರೆ ಬರುವ ಉತ್ತರ ಬೆರಗು ಹುಟ್ಟಿಸುತ್ತದೆ. ಅದು ಕೈಬಿಟ್ಟ ಕಲ್ಲು ಬೀಳುವ ರಭಸಕ್ಕೆ ಹೆಚ್ಚುಕಡಿಮೆ ಸರಿಸಮ. ಅಂದರೆ ಆ ಗಳಿಗೆಯಲ್ಲಿ ಚಕ್ರ ಹಲಗೆಯನ್ನು ಬರೀ ಸೋಕುತ್ತಿದೆ, ಒತ್ತುತ್ತಿಲ್ಲ. ನಡುತಪ್ಪು ಇನ್ನೊಂದು ಚೂರು ಹೆಚ್ಚಾದರೆ ಚಕ್ರ ಹಲಗೆಯನ್ನು ಬಿಟ್ಟು ಗಾಳಿಯಲ್ಲಿರುತ್ತದೆ.

ಸೋರಿಕೆಯ ಬಾಯಿ ತೆರೆಯುವುದು ಆಗ. ಗಾಳಿಯಲ್ಲಿರುವ ಚಕ್ರ ಇಳಿಯುವ ಭಾರವನ್ನು ಮುಂದೋಟವಾಗಿ ಮರಳಿಸಲಾರದು. ಕಾರು ತಡವಾಗಿ ಬಂದು ಹಲಗೆಗೆ ಬಡಿಯುತ್ತದೆ, ಅಷ್ಟರಲ್ಲಿ ಚಕ್ರದ ಉಬ್ಬು ಮತ್ತೆ ಮೇಲೇಳುತ್ತಿರುತ್ತದೆ. ಕೊಟ್ಟ ಶಕ್ತಿ ಬಡಿತದ ಸದ್ದಾಗಿ, ನಡುಕವಾಗಿ, ಬಿಸಿಯಾಗಿ ಹೋಯಿತು. ಒಂದು ಕುಪ್ಪಳಿಕೆಯಲ್ಲಿ ಹೋಗುವುದು ಕಣದಷ್ಟು. ಆದರೆ ಓಟದಲ್ಲಿ ಪ್ರತಿ ಚಕ್ರಕ್ಕೂ ನೂರಕ್ಕೂ ಹೆಚ್ಚು ಸುತ್ತು, ಅದರಲ್ಲಿ ಬಹುಪಾಲು ಪೂರ್ತಿ ವೇಗದಲ್ಲಿ. ಚಕ್ರವೊಂದು ಬಂಡವಾಳದ ಶೇಕಡ ಅರ್ಧದಷ್ಟು ತಿಂದರೂ, ಮೂರು ಚಕ್ರ ಹೀಗೇ ಇದ್ದರೆ ಗೆರೆಯ ಬಳಿ ಕೆಲವು ಸೆಂಟಿಮೀಟರ್ ಹಿಂದೆ ಬೀಳಲು ಅಷ್ಟು ಸಾಕು. ಇದಲ್ಲದೆ, ಹಲಗೆ ಬಿಟ್ಟ ಚಕ್ರ ಕಾರಿಗೆ ದಿಕ್ಕು ಕೊಡಲಾರದು. ಕಾರು ಅತ್ತಿತ್ತ ಹೊಯ್ದಾಡಿ ನಡುವಿನ ಪಟ್ಟಿಗೆ ಬಡಿಯುತ್ತದೆ. ನನ್ನ ಎಣಿಕೆಯಲ್ಲಿ ಎತ್ತಿ ಬೀಳಿಸುವ ನಷ್ಟಕ್ಕಿಂತ ಈ ಬಡಿದಾಟದ ನಷ್ಟವೇ ದೊಡ್ಡದು.

ಇಲ್ಲಿ ಗಮನಿಸಬೇಕಾದ ಸಂಗತಿ ವೇಗದ ಹೊಡೆತ. ವೇಗ ಎರಡು ಪಟ್ಟಾದರೆ, ತಗ್ಗಿಗೆ ಇಳಿಯಲು ಬೇಕಾಗುವ ರಭಸ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ನಡುತಪ್ಪಿಗೆ ಒಂದು ಹೊಸ್ತಿಲಿದೆ. ಅದನ್ನು ದಾಟುವವರೆಗೆ ಚಕ್ರ ಸಾಧು, ದಾಟಿದೊಡನೆ ಕಳ್ಳ. ಹತ್ತನೇ ಒಂದು ಮಿಲಿಮೀಟರ್ ತಪ್ಪಿದ ಚಕ್ರ ಕೊನೆಯ ವೇಗದಲ್ಲಿ ಹೊಸ್ತಿಲ ಬಳಿ ನಿಂತಿರುತ್ತದೆ. ಅದರ ನಾಲ್ಕರಷ್ಟು ತಪ್ಪಿದ್ದು ಅರ್ಧ ವೇಗದಲ್ಲೇ, ಅಂದರೆ ಇಳಿಜಾರಿನ ಎತ್ತರದ ಕಾಲು ಭಾಗ ಇಳಿಯುವಷ್ಟರಲ್ಲೇ ಕುಪ್ಪಳಿಸಲು ಶುರುಮಾಡುತ್ತದೆ. ಒಂದೇ ಡಬ್ಬಿಯ ಚಕ್ರ ಹಾಕಿದ ಎರಡು ಕಾರುಗಳು ಅರ್ಧ ದಾರಿ ಜೊತೆಯಾಗಿ ಓಡಿ, ಆಮೇಲೆ ಒಂದು ಹಿಂದೆ ಸರಿಯುವುದಕ್ಕೆ ಇದೂ ಒಂದು ಕಾರಣ.

ಸೀಮೆಸುಣ್ಣ ಹಿಡಿದ ಕೈ

ಚಕ್ರವನ್ನು ದುಂಡಗೆ ಮಾಡುವುದು ಹೇಗೆ? ಹೊಸಬರು ಮೊದಲು ಮಾಡುವ ಕೆಲಸ, ಚಕ್ರವನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತ ಬೆರಳಿನಿಂದ ಸ್ಯಾಂಡ್‌ಪೇಪರ್ ಒತ್ತುವುದು. ಚಕ್ರ ಫಳಫಳ ಹೊಳೆಯುತ್ತದೆ, ಮೊಟಕು ಹೋಗುತ್ತದೆ. ದುಂಡು ಮಾತ್ರ ಇದ್ದಲ್ಲೇ ಇರುತ್ತದೆ.

ಸೈಕಲ್ ಅಂಗಡಿಯಲ್ಲಿ ಚಕ್ರದ ಬೆಂಡು ತೆಗೆಸಿದವರಿಗೆ ಕಾರಣ ಕಣ್ಣಿಗೆ ಕಟ್ಟುತ್ತದೆ. ಅಂಗಡಿಯವನು ಚಕ್ರವನ್ನು ಗಾಳಿಯಲ್ಲಿ ತಿರುಗಿಸಿ, ಸೀಮೆಸುಣ್ಣ ಹಿಡಿದ ಕೈಯನ್ನು ಫೋರ್ಕಿಗೆ ಒರಗಿಸಿ ಅಲ್ಲಾಡದಂತೆ ಇಟ್ಟುಕೊಳ್ಳುತ್ತಾನೆ. ರಿಮ್ಮು ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಗೀರು ಬೀಳುತ್ತದೆ. ಗೀರು ಬಿದ್ದ ಕಡೆಯ ಕಡ್ಡಿಗಳನ್ನು ಬಿಗಿಮಾಡಿ, ಸಡಿಲಿಸಿ ಅವನು ರಿಮ್ಮನ್ನು ಸರಿಗೆ ತರುತ್ತಾನೆ. ಕೈ ಒರಗಿಸದೆ ಸುಣ್ಣವನ್ನು ಮೆತ್ತಗೆ ಒತ್ತಿಹಿಡಿದರೆ ಏನಾಗುತ್ತಿತ್ತು? ರಿಮ್ಮು ಉಬ್ಬಿದಾಗ ಕೈ ಹಿಂದೆ ಸರಿದು, ತಗ್ಗಿದಾಗ ಮುಂದೆ ಬಂದು, ಗೀರು ಸುತ್ತಲೂ ಒಂದೇ ಸಮ ಬೀಳುತ್ತಿತ್ತು. ಬೆಂಡು ಎಲ್ಲಿದೆ ಎನ್ನುವುದೇ ತಿಳಿಯುತ್ತಿರಲಿಲ್ಲ.

ಸ್ಯಾಂಡ್‌ಪೇಪರ್ ಹಿಡಿದ ಬೆರಳು ಮಾಡುವುದು ಈ ಎರಡನೆಯದನ್ನು. ಅದು ಚಕ್ರದ ಸೊಟ್ಟವನ್ನು ನಿಷ್ಠೆಯಿಂದ ಹಿಂಬಾಲಿಸುತ್ತ ಉಬ್ಬನ್ನೂ ತಗ್ಗನ್ನೂ ಸಮನಾಗಿ ಸವೆಸುತ್ತದೆ. ಕೊನೆಗೆ ಸಿಗುವುದು ನುಣುಪಾದ ಸೊಟ್ಟ ಚಕ್ರ. ಪ್ಲಾಸ್ಟಿಕ್ ಚಕ್ರಕ್ಕೆ ಕಡ್ಡಿಗಳೂ ಇಲ್ಲ, ಎಳೆದು ಸರಿಮಾಡುವಂತಿಲ್ಲ, ಉಬ್ಬನ್ನು ಹೆರೆದೇ ತೆಗೆಯಬೇಕು. ಹೆರೆಯುವ ಅಂಚು ಅಲುಗಾಡಬಾರದು. ಲೇತ್ ಯಂತ್ರದ ಉಳಿ ಮಾಡುವುದು ಇದನ್ನೇ. ಲೇತ್ ಇಲ್ಲದವರಿಗಾಗಿ ಚಕ್ರವನ್ನು ಒಂದು ಕಡ್ಡಿಗೆ ಪೋಣಿಸಿ, ಸ್ಕ್ರೂ ತಿರುಗಿಸಿ ಅಲಗನ್ನು ಎಳೆಯಷ್ಟೆಳೆಯಷ್ಟೇ ಹತ್ತಿರ ತರುವ ಕೈಯುಪಕರಣಗಳೂ ಬಂದಿವೆ. ಮೊದಲ ಕೆಲವು ಸುತ್ತಿನಲ್ಲಿ ಅಲಗು ಚಕ್ರದ ಒಂದು ಬದಿಯನ್ನು ಮಾತ್ರ ಸೋಕಿ ತುಂಡುತುಂಡಾದ ಸಿಬುರು ಉದುರುತ್ತದೆ. ಸಿಬುರು ಕಡಿಯದ ಎಳೆಯಾಗಿ ಬರತೊಡಗಿದಾಗ ಅಲಗು ಸುತ್ತಲೂ ಸೋಕುತ್ತಿದೆ ಎಂದು ಅರ್ಥ. ಅಲ್ಲಿಗೆ ನಿಲ್ಲಿಸಬೇಕು. ಆಮೇಲೆ ಹೆರೆದದ್ದೆಲ್ಲ ಚಕ್ರವನ್ನು ಹಗುರ ಮಾಡುವ ಚಪಲ, ಅದನ್ನು ಅನೇಕ ಕಡೆ ನಿಯಮ ಒಪ್ಪುವುದಿಲ್ಲ.

ಒಂದು ಮಾತು ಮರೆತರೆ ಇಷ್ಟೆಲ್ಲ ವ್ಯರ್ಥ. ಚಕ್ರವನ್ನು ತೂತಿನಿಂದಲೇ ಹಿಡಿದು ತಿರುಗಿಸಬೇಕು, ಅದೂ ತೂತಿಗೆ ಆಟವಿಲ್ಲದೆ ಕೂರುವ ಕಡ್ಡಿಯಿಂದ. ಹೊರಸುತ್ತನ್ನು ಕಚ್ಚಿಹಿಡಿದು ಹೆರೆದರೆ ದುಂಡು ಬಂದೀತು, ಆದರೆ ನಡುತಪ್ಪು ಹಾಗೇ ಉಳಿದೀತು. ಓಟದಲ್ಲಿ ಚಕ್ರ ತಿರುಗುವುದು ತೂತಿನ ಸುತ್ತ. ಆದ್ದರಿಂದ ದುಂಡು ಎಂದರೆ ತೂತಿನಿಂದ ನೋಡಿದಾಗ ದುಂಡು.

ಅಂಚು ಮುಗಿದ ಮೇಲೆ ಹಬ್ಬಿನ ಸರದಿ, ಅಂದರೆ ಮರಕ್ಕೆ ಮುಖಮಾಡಿ ನಿಲ್ಲುವ ನಡುಗಂಟಿನದು. ಅದರ ತುದಿ ತೂತಿಗೆ ನೇರ ಅಡ್ಡವಾಗಿರದೆ ಓರೆಯಾಗಿದ್ದರೆ ಚಕ್ರ ಮರಕ್ಕೆ ತಾಗಿದಾಗಲೆಲ್ಲ ತಲೆದೂಗುತ್ತದೆ. ಕೊನೆಗೆ ಹೊರಮೈಗೆ ನೀರಿನಲ್ಲಿ ನೆನೆಸಿದ ವಾಟರ್ ಪೇಪರ್ ತಾಗಿಸಬಹುದು, ನುಣುಪಿಗಷ್ಟೇ. ನೀರು ಬೇಕೇ ಬೇಕು. ಒಣಗಿದ ಕಾಗದವನ್ನು ವೇಗವಾಗಿ ತಿರುಗುವ ಪ್ಲಾಸ್ಟಿಕ್ಕಿಗೆ ಒತ್ತಿದರೆ ಅದು ಬಿಸಿಗೆ ಮೆತ್ತಗಾಗಿ ಉಂಡೆಕಟ್ಟುತ್ತದೆ.

ಮೊಳೆ ಮತ್ತು ಕಪ್ಪು ಪುಡಿ

ಮೊಳೆಯ ವಿಷಯ ಚಿಕ್ಕದು. ಕಾರ್ಖಾನೆಯಲ್ಲಿ ತಂತಿಯನ್ನು ಕಚ್ಚಿಹಿಡಿದು ತಲೆ ಚಪ್ಪಟೆ ಮಾಡುವಾಗ ತಲೆಯ ಬುಡದಲ್ಲಿ ಕಚ್ಚಿದ ಗುರುತೂ ಅಂಚಿನಲ್ಲಿ ಮುಳ್ಳಿನಂಥ ಏಣೂ ಉಳಿಯುತ್ತವೆ. ಚಕ್ರ ತಿರುಗುವುದು ಅವುಗಳ ಮೇಲೇ. ಮೊಳೆಯನ್ನು ಡ್ರಿಲ್ಲಿಗೆ ಕಚ್ಚಿಸಿ ಸಣ್ಣ ಅರದಿಂದ ಏಣು ತೆಗೆದು, 400 ಗ್ರಿಟ್ ಸ್ಯಾಂಡ್‌ಪೇಪರಿನಿಂದ ಶುರುಮಾಡಿ ಇನ್ನೂ ನುಣುಪಾದ ಕಾಗದಗಳಿಗೆ ಸಾಗಿ, ಲೋಹದ ಪಾಲಿಶ್ ಹಾಕಿ ಉಜ್ಜಿದರೆ ಕೆಲಸ ಮುಗಿಯಿತು.

ಮೊಳೆಗೂ ತೂತಿಗೂ ನಡುವೆ ಹಾಕುವುದು ಗ್ರಾಫೈಟ್ ಪುಡಿ, ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಇಂಗಾಲ. ಅದು ಜಾರುವುದು ಅದರ ತೆಳು ಪದರಗಳು ಒಂದರ ಮೇಲೊಂದು ಸರಿಯುವುದರಿಂದ ಎಂದು ಪುಸ್ತಕಗಳು ಹೇಳುತ್ತವೆ. ಅದು ಅರ್ಧ ಮಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತೀರ ಎತ್ತರಕ್ಕೆ ಏರಿದ ವಿಮಾನಗಳ ಜನರೇಟರುಗಳಲ್ಲಿ ಗ್ರಾಫೈಟಿನ ಬ್ರಷ್ಷುಗಳು ಇದ್ದಕ್ಕಿದ್ದಂತೆ ಸವೆದು ಪುಡಿಯಾಗತೊಡಗಿದವು. ಅಲ್ಲಿನ ಒಣ, ತೆಳು ಗಾಳಿಯಲ್ಲಿ ತೇವವಿರಲಿಲ್ಲ. ಗ್ರಾಫೈಟ್ ನಯವಾಗಿ ಜಾರಲು ಗಾಳಿಯ ತೇವವೂ ಬೇಕು ಎಂದು ತಿಳಿದದ್ದು ಆಗ.

ನೆಲ ಮುಟ್ಟದ ಚಕ್ರ

ಚಕ್ರಗಳನ್ನು ಜೋಡಿಸುವುದರಲ್ಲೂ ಚಾಲಾಕಿಯಿದೆ. ಹಿಂದಿನ ಎರಡು ಮೊಳೆಗಳನ್ನು ಒಂದಿಷ್ಟೇ ಓರೆಯಾಗಿ ಕೂರಿಸಿದರೆ ಚಕ್ರಗಳು ಮರಕ್ಕೆ ಉಜ್ಜದೆ ಮೊಳೆಯ ತಲೆಯ ಕಡೆಗೇ ಸರಿದು ನಿಲ್ಲುತ್ತವೆ. ಮುಂದಿನ ಒಂದು ಮೊಳೆಯನ್ನು ಬಗ್ಗಿಸಿ, ಆ ಚಕ್ರ ನಡುವಿನ ಪಟ್ಟಿಗೆ ಮೆಲ್ಲಗೆ ಒರಗಿಕೊಂಡೇ ಓಡುವಂತೆ ಮಾಡುತ್ತಾರೆ. ಉಜ್ಜಿಕೊಂಡು ಹೋಗುವುದು ನಷ್ಟವಲ್ಲವೇ ಎಂದರೆ, ನಷ್ಟವೇ. ಆದರೆ ಎರಡೂ ಬದಿಗೆ ಬಡಿದಾಡುವುದಕ್ಕಿಂತ ಒಂದೇ ಬದಿಗೆ ಒರಗುವುದು ಅಗ್ಗ.

ಮುಂದಿನ ಇನ್ನೊಂದು ಚಕ್ರ? ಅದನ್ನು ಹಲಗೆಯಿಂದ ಒಂದೆರಡು ಮಿಲಿಮೀಟರ್ ಮೇಲೆತ್ತಿಬಿಡುತ್ತಾರೆ. ಕಾರು ಮೂರೇ ಕಾಲಿನಲ್ಲಿ ಓಡುತ್ತದೆ. ನೆಲ ಮುಟ್ಟದ ಚಕ್ರ ತಿರುಗಬೇಕಾಗಿಲ್ಲ, ಅದನ್ನು ತಿರುಗಿಸುವ ಶೇಕಡ ಒಂದರಷ್ಟು ಶಕ್ತಿ ಉಳಿಯಿತು. ಕೆಲವು ಕಡೆ ನಾಲ್ಕೂ ಚಕ್ರ ಹಲಗೆ ಮುಟ್ಟಲೇಬೇಕೆಂಬ ನಿಯಮವಿದೆ, ಲೇತಿನಲ್ಲಿ ಹೆರೆದ ಚಕ್ರವನ್ನೇ ನಿಷೇಧಿಸಿದ ಕಡೆಗಳೂ ಇವೆ. ಅಂಥಲ್ಲಿ ಉಳಿಯುವ ದಾರಿ ಆರಿಸುವುದು. ನಾಲ್ಕಾರು ಡಬ್ಬಿಗಳ ಚಕ್ರಗಳನ್ನು ರಾಶಿ ಹಾಕಿ, ಒಂದೊಂದನ್ನೂ ಕಡ್ಡಿಗೆ ಪೋಣಿಸಿ, ಡಯಲ್ ಗೇಜಿನ ಮೊನೆಯನ್ನು ಅಂಚಿಗೆ ತಾಗಿಸಿ ನಿಧಾನವಾಗಿ ತಿರುಗಿಸಿ ಮುಳ್ಳು ಎಷ್ಟು ಅಲ್ಲಾಡುತ್ತದೆ ಎಂದು ನೋಡುವುದು. ಗೇಜಿನಲ್ಲಿ ಕಾಣುವ ಓಲಾಟ ನಡುತಪ್ಪಿನ ಎರಡರಷ್ಟು ಎನ್ನುವುದು ನೆನಪಿರಲಿ, ಕೂದಲೆಳೆಯ ತಪ್ಪು ಅಲ್ಲಿ ಎರಡು ಕೂದಲಾಗಿ ಕಾಣುತ್ತದೆ. ಮುಳ್ಳು ಕದಲದ ಎರಡು ಚಕ್ರ ಹಿಂದಕ್ಕೆ, ಏಕೆಂದರೆ ತೂಕದ ಹೆಚ್ಚು ಪಾಲು ಹೊರುವುದು ಅವು. ಮೂರನೆಯದು ಪಟ್ಟಿಗೆ ಒರಗುವ ಮುಂಬದಿಗೆ. ಮೂರು ಕಾಲಿನ ಓಟಕ್ಕೆ ಒಪ್ಪಿಗೆ ಇರುವಲ್ಲಿ, ರಾಶಿಯಲ್ಲೇ ಅತ್ಯಂತ ಸೊಟ್ಟಗಿರುವ ಚಕ್ರಕ್ಕೂ ಒಂದು ಜಾಗ ಸಿಗುತ್ತದೆ: ಗಾಳಿಯಲ್ಲಿ ತೂಗುವ ನಾಲ್ಕನೆಯ ಮೊಳೆ.